ಪಳಗುವ ತನಕ

ನಮ್ಮ ನಾಡಿನಲ್ಲಿ ಹೊಸ ವಾಹನವು ಮನೆಗೆ ಬಂದ ದಿನ ಅದಕ್ಕೆ ಎರಡು ಪರೀಕ್ಷೆಗಳು ನಡೆಯುತ್ತವೆ. ಮೊದಲನೆಯದು, ಚಕ್ರದ ಕೆಳಗೆ ನಿಂಬೆಹಣ್ಣನ್ನಿಟ್ಟು ಮುಂದಕ್ಕೆ ಬಿಡುವುದು. ಇದರಲ್ಲಿ ಅನುತ್ತೀರ್ಣವಾದ ವಾಹನವನ್ನು ಈವರೆಗೆ ಯಾರೂ ಕಂಡಂತಿಲ್ಲ. ಎರಡನೆಯದು, ನೆರೆಮನೆಯವರು ಗೇಟಿನ ಬಳಿ ನಿಂತು ಕೇಳುವ ಪ್ರಶ್ನೆ: “ಲೀಟರಿಗೆ ಎಷ್ಟು ಕೊಡುತ್ತದೆ?” ಇದರಲ್ಲಿ ಉತ್ತೀರ್ಣವಾಗುವ ವಾಹನಗಳು ವಿರಳ. ಬಣ್ಣ, ಬೆಲೆ, ಕಂತು ಮುಂತಾದ ವಿಚಾರಗಳೆಲ್ಲ ಅನಂತರದವು. ಹಸುವನ್ನು ಕೊಂಡವರನ್ನು ಹಾಲಿನ ಲೆಕ್ಕ ಕೇಳುವ ಹಾಗೆಯೇ ಇದೂ. ಆದರೆ ಹಸುವನ್ನು ಕೊಂಡವರಲ್ಲಿ ಒಂದು ವಿವೇಕವುಂಟು. ಹೊಸ ಕೊಟ್ಟಿಗೆಗೆ ಬಂದ ಹಸು ಮೊದಲ ವಾರ ಹಾಲು ಕಡಿಮೆ ಕೊಟ್ಟರೆ, “ಜಾಗ ಹೊಸದು, ಹೊಂದಿಕೊಳ್ಳಲಿ” ಎಂದು ಅವರು ಕಾಯುತ್ತಾರೆ. ವಾಹನದ ವಿಷಯದಲ್ಲಿ ಮಾತ್ರ ನಮಗೆ ಆ ತಾಳ್ಮೆಯಿಲ್ಲ. ಮೊದಲ ವಾರದ ಮೈಲೇಜನ್ನೇ ಅದರ ಜಾತಕವೆಂದು ಬಗೆದು ಚಿಂತೆಗೆ ಬೀಳುತ್ತೇವೆ.

ಹೊಸ ಎಂಜಿನ್ನನ್ನು ಹದಕ್ಕೆ ತರುವುದಕ್ಕೆ ಇಂಗ್ಲಿಷಿನವರು ‘ರನ್ನಿಂಗ್ ಇನ್’ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅದಕ್ಕೆ ಹೊಸ ಪದವನ್ನು ಹುಡುಕಬೇಕಾಗಿಲ್ಲ. ‘ಪಳಗಿಸುವುದು’ ಎಂಬ ಮಾತು ಸಿದ್ಧವಾಗಿಯೇ ಇದೆ. ಹೋರಿ ನೊಗಕ್ಕೆ ಪಳಗುತ್ತದೆ. ಕೈ ಕಸುಬಿಗೆ ಪಳಗುತ್ತದೆ. ದೋಸೆಯ ಕಾವಲಿ ಎಣ್ಣೆಗೂ ಕಾವಿಗೂ ಪಳಗುತ್ತದೆ. ಇವೆಲ್ಲಕ್ಕಿಂತ ಹತ್ತಿರದ ಉಪಮಾನ ನಮ್ಮ ಅಜ್ಜಿಯರ ಒರಳುಕಲ್ಲು. ಹೊಸ ಒರಳು ಬಂದ ದಿನವೇ ಅದರಲ್ಲಿ ಯಾರೂ ಇಡ್ಲಿಯ ಹಿಟ್ಟನ್ನು ರುಬ್ಬುತ್ತಿರಲಿಲ್ಲ. ತೌಡನ್ನೋ ನುಚ್ಚನ್ನೋ ಹಾಕಿ ನಾಲ್ಕಾರು ಸಲ ರುಬ್ಬಿ, ಕಲ್ಲಿನ ಪುಡಿ ಬೆರೆತ ಆ ಹಿಟ್ಟನ್ನು ಹೊರಗೆ ಚೆಲ್ಲುತ್ತಿದ್ದರು. ಹಾಗೆಂದು ಕಲ್ಲು ತೀರ ನುಣುಪಾಗುವುದೂ ಅವರಿಗೆ ಬೇಕಿರಲಿಲ್ಲ. ನುಣುಪಾದ ಕಲ್ಲು ರುಬ್ಬುವುದಿಲ್ಲ. ಆಗ ಕಲ್ಲುಕುಟಿಗನನ್ನು ಕರೆಸಿ ಉಳಿಯಿಂದ ಸಣ್ಣ ಸಣ್ಣ ಗುಳಿಗಳನ್ನು ಹೊಡೆಸಬೇಕಾಗುತ್ತಿತ್ತು. ಉಬ್ಬುಗಳು ಸವೆಯಬೇಕು, ಗುಳಿಗಳು ಉಳಿಯಬೇಕು. ಇದೇ ಒರಳಿನ ಹದ. ಎಂಜಿನ್ನಿನ ಹದವೂ ಹೆಚ್ಚುಕಡಿಮೆ ಇದೇ.

ಎಂಜಿನ್ನಿನೊಳಗೆ ಸಿಲಿಂಡರೆಂಬ ಕೊಳವೆ. ಅದರಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡುವ ಪಿಸ್ಟನ್ನು. ಪಿಸ್ಟನ್ನಿನ ಸುತ್ತ ಬಳೆಗಳಂತೆ ಕುಳಿತ ಲೋಹದ ಉಂಗುರಗಳು. ಕಾರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆಯೆಂದರೆ, ಪ್ರತಿ ಪಿಸ್ಟನ್ನೂ ಸೆಕೆಂಡಿಗೆ ಐವತ್ತು ಸಲ ಮೇಲೇರಿ ಐವತ್ತು ಸಲ ಕೆಳಗಿಳಿಯುತ್ತಿದೆ ಎಂದರ್ಥ. ಸಿಲಿಂಡರಿನ ಒಳಗೋಡೆಯು ಕನ್ನಡಿಯಂತೆ ನುಣುಪಾಗಿರುತ್ತದೆಂದು ನಾವು ಭಾವಿಸುವುದುಂಟು. ಆದರೆ ಕಾರ್ಖಾನೆಯವರು ಆ ಗೋಡೆಯ ಮೇಲೆ ಒಂದನ್ನೊಂದು ಅಡ್ಡಹಾಯುವ ಸೂಕ್ಷ್ಮವಾದ ಗೀರುಗಳನ್ನು ಬೇಕೆಂದೇ ಮೂಡಿಸಿರುತ್ತಾರೆ. ಈ ಗೀರುಗಳಲ್ಲಿ ಎಣ್ಣೆ ನಿಲ್ಲಬೇಕು. ಗೀರುಗಳ ನಡುವಿನ ಚೂಪಾದ ತುದಿಗಳು ಮಾತ್ರ ಉಂಗುರಗಳ ಉಜ್ಜಾಟಕ್ಕೆ ಸಿಕ್ಕಿ ಸವೆದು ಸಮತಟ್ಟಾಗಬೇಕು. ಆಗ ಉಂಗುರವೂ ಗೋಡೆಯೂ ಸಂದಿಲ್ಲದಂತೆ ಒಂದಕ್ಕೊಂದು ಒಪ್ಪಿ ಕೂರುತ್ತವೆ. ಉರಿದ ಅನಿಲ ಕೆಳಕ್ಕೆ ಸೋರುವುದಿಲ್ಲ, ಕೆಳಗಿನ ಎಣ್ಣೆ ಮೇಲಕ್ಕೇರಿ ಉರಿದುಹೋಗುವುದಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಉಂಗುರವನ್ನು ಗೋಡೆಗೆ ಒತ್ತಿ ಹಿಡಿಯುವುದು ಅದರ ಸ್ವಂತ ಬಿಗುವೊಂದೇ ಅಲ್ಲ. ಉರಿಯುವ ಅನಿಲದ ಒತ್ತಡವೂ ಉಂಗುರದ ಹಿಂದೆ ಸೇರಿಕೊಂಡು ಅದನ್ನು ಹೊರಕ್ಕೆ ತಳ್ಳುತ್ತದೆ. ಎಂಜಿನ್ನಿಗೆ ತಕ್ಕಷ್ಟು ಕೆಲಸ ಕೊಟ್ಟರೆ ತಕ್ಕಷ್ಟು ಒತ್ತಡ. ಕೆಲಸವನ್ನೇ ಕೊಡದಿದ್ದರೆ ಒತ್ತಡವೂ ಇಲ್ಲ. ಆದಕಾರಣ, ಹೊಸ ವಾಹನವನ್ನು ಬಾಣಂತಿಯಂತೆ ಬೆಚ್ಚಗಿಟ್ಟು, ಸದಾ ಬಸವನ ಹುಳುವಿನ ವೇಗದಲ್ಲಿ ನಡೆಸುವವರು ಉಪಕಾರ ಮಾಡುತ್ತಿದ್ದೇವೆಂದು ತಿಳಿದು ಅಪಕಾರ ಮಾಡುತ್ತಾರೆ. ಉಂಗುರಗಳು ಸರಿಯಾಗಿ ಕೂರುವ ಮೊದಲೇ ಗೋಡೆಯ ಮೇಲೆ ಸುಟ್ಟ ಎಣ್ಣೆಯ ನುಣುಪಾದ ಲೇಪವೊಂದು ಕಟ್ಟಬಹುದು. ಅನಂತರ ಉಜ್ಜಾಟವು ನಡೆದರೂ ಫಲವಿಲ್ಲ. ಇದಕ್ಕೆ ವಿರುದ್ಧವಾಗಿ, ಮೊದಲ ದಿನವೇ ಹೆದ್ದಾರಿಗೆ ಕೊಂಡೊಯ್ದು ಆಕ್ಸಿಲರೇಟರನ್ನು ತಳದವರೆಗೆ ತುಳಿಯುವವರೂ ಇದ್ದಾರೆ. ಇನ್ನೂ ಸವೆಯದ ಚೂಪು ತುದಿಗಳು ಅತಿಯಾದ ಕಾವಿಗೆ ಸಿಕ್ಕಿದರೆ ಲೋಹವು ಲೋಹಕ್ಕೆ ಕಚ್ಚಿಕೊಂಡು ಗೋಡೆಯ ಮೇಲೆ ಆಳವಾದ ಗಾಯಗಳಾಗುವ ಸಂಭವವುಂಟು. ಹೋರಿಯನ್ನು ಕೊಟ್ಟಿಗೆಯಲ್ಲೇ ಕಟ್ಟಿಹಾಕಿದರೂ ಅದು ಪಳಗದು. ಮೊದಲ ದಿನವೇ ಹತ್ತು ಮೂಟೆಯ ಗಾಡಿಗೆ ಹೂಡಿದರೂ ಪಳಗದು.

ಹಿಂದಿನ ಕಾಲದಲ್ಲಿ ಈ ವಿಧಿಯು ದೀಕ್ಷೆಯಷ್ಟು ಕಠಿಣವಾಗಿತ್ತು. ಇಂಗ್ಲೆಂಡಿನಲ್ಲಿ ಹೊಸ ಕಾರುಗಳ ಹಿಂದಿನ ಗಾಜಿನ ಮೇಲೆ “ಪಳಗಿಸಲಾಗುತ್ತಿದೆ, ದಯವಿಟ್ಟು ಮುಂದೆ ಹೋಗಿ” ಎಂಬರ್ಥದ ಚೀಟಿಯನ್ನು ಅಂಟಿಸಿಕೊಳ್ಳುವ ಪದ್ಧತಿಯಿತ್ತು. ನಮ್ಮಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರನ್ನಾಗಲಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರುಗಳಿಂದ ತಯಾರಿಸಿದ ಮೋಟಾರು ಸೈಕಲನ್ನಾಗಲಿ ಕೊಂಡ ಹಿರಿಯರನ್ನು ಕೇಳಿ ನೋಡಿ. ಮೊದಲ ತಿಂಗಳ ವ್ರತನಿಯಮಗಳನ್ನು ಅವರು ಇಂದಿಗೂ ಬಾಯಿಪಾಠ ಒಪ್ಪಿಸಿಯಾರು. ಜಾವಾದಂಥ ಎರಡು ಹೊಡೆತದ ಎಂಜಿನ್ನುಗಳಲ್ಲಂತೂ ಪೆಟ್ರೋಲಿಗೇ ಎಣ್ಣೆಯನ್ನು ಅಳೆದು ಬೆರೆಸಬೇಕಾಗಿತ್ತು. ಅಳತೆ ತಪ್ಪಿ ಎಣ್ಣೆ ಕಡಿಮೆಯಾದರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ನಡುರಸ್ತೆಯಲ್ಲೇ ಎಂಜಿನ್ನು ಬಿಗಿದು ನಿಲ್ಲುತ್ತಿತ್ತು. ವ್ರತಭಂಗಕ್ಕೆ ಶಿಕ್ಷೆ ತತ್‌ಕ್ಷಣವೇ ದೊರೆಯುತ್ತಿದ್ದ ಕಾಲವದು.

ಈಗ ಕಾಲ ಬದಲಾಗಿದೆ. ಅಂದು ಗಿರಾಕಿಯು ರಸ್ತೆಯ ಮೇಲೆ ಮಾಡಬೇಕಾಗಿದ್ದ ಸವೆಸುವ ಕೆಲಸದ ದೊಡ್ಡ ಭಾಗವನ್ನು ಇಂದು ಕಾರ್ಖಾನೆಯ ಯಂತ್ರಗಳೇ ಮಾಡಿ ಮುಗಿಸುತ್ತವೆ: ಗೀರುಗಳನ್ನು ಮೂಡಿಸಿದ ಮೇಲೆ ಅವುಗಳ ಚೂಪು ತುದಿಗಳನ್ನು ಅಲ್ಲೇ ಸಮಮಾಡಿಬಿಡುತ್ತಾರೆ. ಎಣ್ಣೆಯೂ ಉತ್ತಮವಾಗಿದೆ; ಬಿಡಿಭಾಗಗಳ ಅಳತೆಯೂ ಕರಾರುವಾಕ್ಕಾಗಿದೆ. ಹಾಗಾಗಿ ಪಳಗಿಸುವ ವ್ರತವು ಸಡಿಲಗೊಂಡಿದೆಯೇ ಹೊರತು ಪೂರ್ತಿಯಾಗಿ ರದ್ದಾಗಿಲ್ಲ. ಇಂದಿಗೂ ಅನೇಕ ವಾಹನಗಳ ಕೈಪಿಡಿಗಳಲ್ಲಿ ಮೊದಲ 1,000 ಕಿಲೋಮೀಟರಿಗೆ ಸಂಬಂಧಿಸಿದ ಒಂದು ಪುಟ ಇದ್ದೇ ಇರುತ್ತದೆ. ದುರ್ದೈವವೆಂದರೆ, ಕೈಪಿಡಿಯು ಸಾಮಾನ್ಯವಾಗಿ ಪ್ಲಾಸ್ಟಿಕ್ ಹೊದಿಕೆಯನ್ನು ಕಳಚದೆಯೇ ಕಾರಿನ ಗೂಡಿನಲ್ಲಿ ಚಿರನಿದ್ರೆ ಮಾಡುತ್ತಿರುತ್ತದೆ.

ಆ ಪುಟದ ಸಾರಾಂಶವನ್ನು ಹೀಗೆ ಹೇಳಬಹುದು. ಎಂಜಿನ್ನನ್ನು ಚಾಲೂ ಮಾಡಿದೊಡನೆ ಅಬ್ಬರಿಸಬೇಡಿ. ಎಣ್ಣೆ ಎಲ್ಲೆಡೆ ಹರಿಯಲು ಕೆಲವು ಕ್ಷಣ ಕೊಟ್ಟು, ಮೊದಲ ಒಂದೆರಡು ಕಿಲೋಮೀಟರು ಮೃದುವಾಗಿ ನಡೆಸಿ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ. ಏರಿಸಿ, ಇಳಿಸಿ, ವೇಗವನ್ನು ಬದಲಿಸುತ್ತಿರಿ. ಪೂರ್ತಿ ಆಕ್ಸಿಲರೇಟರನ್ನು ಒತ್ತಬೇಡಿ. ಹಾಗೆಯೇ, ಮೈಲೇಜಿನ ಆಸೆಯಿಂದ ನಿಧಾನಗತಿಯಲ್ಲೂ ಮೇಲಿನ ಗೇರನ್ನೇ ಹಿಡಿದು ಎಂಜಿನ್ನು ಏದುಸಿರು ಬಿಡುವಂತೆ ಮಾಡಬೇಡಿ. ಈ ಎರಡನೆಯ ತಪ್ಪು ಮೊದಲನೆಯದಕ್ಕಿಂತ ನಮ್ಮಲ್ಲಿ ಹೆಚ್ಚು. ಇನ್ನೊಂದು ವಾಹನವನ್ನು ಕಟ್ಟಿ ಎಳೆಯಬೇಡಿ. ಎಂಜಿನ್ನಿನ ಜೊತೆಗೆ ಟಯರು, ಬ್ರೇಕುಗಳೂ ಹೊಸವೇ ಎಂಬುದನ್ನು ಮರೆಯಬೇಡಿ. ಹೊಸ ಟಯರಿಗೆ ಹಿಡಿತ ಕಡಿಮೆ. ಹೊಸ ಬ್ರೇಕಿನ ಪಟ್ಟಿ ತಟ್ಟೆಗೆ ಇನ್ನೂ ಒಗ್ಗಿರುವುದಿಲ್ಲ. ಮಳೆಯ ದಿನ ಹೊಸ ಸ್ಕೂಟರನ್ನು ತಿರುವಿನಲ್ಲಿ ಬಾಗಿಸುವ ಮಕ್ಕಳಿಗೆ ತಂದೆತಾಯಿಗಳು ಹೇಳಬೇಕಾದ ಮಾತಿದು.

ಇನ್ನು ಮೊದಲ ಸರ್ವಿಸು. “ಈಗ ತಾನೆ ಕೊಂಡದ್ದು, ಸರ್ವಿಸು ಏಕೆ?” ಎಂದು ಅದನ್ನು ಮುಂದೂಡುವವರುಂಟು. ಉಜ್ಜಾಟದಿಂದ ಸವೆದ ಲೋಹದ ಕಣಗಳು ಹೋಗುವುದು ಎಣ್ಣೆಗೇ ತಾನೆ? ಸೋಸುಕವು ಬಹುಪಾಲನ್ನು ಹಿಡಿದಿಡುತ್ತದೆ. ಆದರೂ ಕೈಪಿಡಿಯು ಎಣ್ಣೆಯನ್ನು ಬದಲಿಸಬೇಕೆಂದು ಹೇಳಿದ ದೂರಕ್ಕೆ ಬದಲಿಸಿಬಿಡುವುದು ಲೇಸು. ಹೊಸ ಒರಳಿನಲ್ಲಿ ರುಬ್ಬಿದ ಮೊದಲ ಹಿಟ್ಟನ್ನು ಚೆಲ್ಲುವುದನ್ನು ಯಾರೂ ದುಂದುಗಾರಿಕೆ ಎನ್ನಲಿಲ್ಲ.

ಇಷ್ಟೆಲ್ಲ ಮಾಡಿದರೆ ಮೈಲೇಜು ಏರುತ್ತದೆಯೇ? ಏರುತ್ತದೆ, ಆದರೆ ನಿಧಾನವಾಗಿ, ಮಿತವಾಗಿ. ಹೊಸ ಎಂಜಿನ್ನು ತನ್ನ ಅತ್ಯುತ್ತಮ ಮೈಲೇಜನ್ನು ಮುಟ್ಟಲು 3,000ದಿಂದ 5,000 ಮೈಲಿ, ಅಂದರೆ ಸುಮಾರು 4,800ರಿಂದ 8,000 ಕಿಲೋಮೀಟರು ಓಡಬೇಕಾಗಬಹುದೆಂದು ಅಮೆರಿಕದ ಸರ್ಕಾರ ತನ್ನ ಪ್ರಜೆಗಳಿಗೆ ನೀಡುವ ಇಂಧನ ತಿಳಿವಳಿಕೆಯಲ್ಲಿ ಹೇಳಿದೆ. ನಗರದ ಮಧ್ಯಮವರ್ಗದ ಸಂಸಾರವೊಂದಕ್ಕೆ ಇದು ಹಲವು ತಿಂಗಳುಗಳ ಓಡಾಟ. ಅದಕ್ಕೆ ಮೊದಲೇ ತೀರ್ಪು ಕೊಡುವುದು, ಒಂದನೆಯ ತರಗತಿಯ ಮಗುವಿನ ಮೊದಲ ಕಿರುಪರೀಕ್ಷೆಯ ಅಂಕವನ್ನು ನೋಡಿ ಅದರ ಬಾಳನ್ನು ನಿರ್ಣಯಿಸಿದಂತೆ.

ನಮ್ಮ ಕಾಲೇಜಿನ ಗಣಿತಾಧ್ಯಾಪಕರೊಬ್ಬರಿಗೆ ಒದಗಿದ ಪ್ರಸಂಗವನ್ನು ಇಲ್ಲಿ ಹೇಳಬಹುದು. ಅವರ ತಾಯಿಯವರಿಗೆ ಮಂಡಿನೋವು; ಬಸ್ಸು ಹತ್ತಲಾರರು. ಅವರನ್ನು ಆಸ್ಪತ್ರೆಗೂ ದೇವಸ್ಥಾನಕ್ಕೂ ಕರೆದೊಯ್ಯಲೆಂದೇ ಗಣಿತಾಧ್ಯಾಪಕರು ಸಾಲ ಮಾಡಿ ಸಣ್ಣ ಕಾರೊಂದನ್ನು ಕೊಂಡರು. ಮಾರಾಟಗಾರನು ಲೀಟರಿಗೆ 22 ಕಿಲೋಮೀಟರೆಂದು ಹೇಳಿದ್ದನು. ಮೊದಲ ವಾರದಲ್ಲೇ ಇವರು ಪೆಟ್ರೋಲಿನ ಮುಳ್ಳನ್ನು ನೋಡಿ ಲೆಕ್ಕಹಾಕಿ 11 ಎಂಬ ತೀರ್ಮಾನಕ್ಕೆ ಬಂದರು. ಅಂದಿನಿಂದ ಅಧ್ಯಾಪಕರ ಕೊಠಡಿಯಲ್ಲಿ ಬೇರೆ ಮಾತಿಲ್ಲ. ದೂರಿನ ಪತ್ರದ ಕರಡು ಮೂರು ಬಾರಿ ತಿದ್ದಲ್ಪಟ್ಟಿತು. ಮನೆಯಲ್ಲಿ ಕಾರಿಗೆ ಹೊದಿಕೆ ಬಿತ್ತು. ‘ಅನಾವಶ್ಯಕ’ ಓಡಾಟ ನಿಂತಿತು. ಕಡೆಗೆ ಒಂದು ದಿನ ಅವರ ಶ್ರೀಮತಿಯವರು ಹೇಳಿದರಂತೆ: “ನೋಡಿ, ಅತ್ತೆಯವರ ಮಂಡಿಗೆಂದು ತಂದ ಕಾರಿಗೆ ಕಂಬಳಿ ಹೊದಿಸಿ ನಾವೇ ಶುಶ್ರೂಷೆ ಮಾಡುತ್ತಿದ್ದೇವೆ. ಅತ್ತೆಯವರು ಆಟೋದಲ್ಲಿ ಹೋಗಿ ಬರುತ್ತಿದ್ದಾರೆ. ಆಟೋದವನಿಗೆ ಕೊಟ್ಟದ್ದನ್ನೂ ನಿಮ್ಮ ಲೆಕ್ಕದಲ್ಲಿ ಸೇರಿಸಿಕೊಂಡಿದ್ದೀರಾ?”

ಗಣಿತಾಧ್ಯಾಪಕರು ಸುಮ್ಮನಾದರು. ಹಾಲು, ದಿನಸಿ, ಶಾಲೆಯ ಶುಲ್ಕಗಳ ಲೆಕ್ಕವನ್ನು ಬರೆದಿಡುತ್ತಿದ್ದ ಆ ಗೃಹಿಣಿಯೇ ಕಾರಿನ ಲೆಕ್ಕವನ್ನೂ ಕೈಗೆತ್ತಿಕೊಂಡರು. ಅವರು ಅನುಸರಿಸಿದ ಕ್ರಮವೇ ಸರಿಯಾದ ಕ್ರಮ. ಯಾರು ಬೇಕಾದರೂ ಅನುಸರಿಸಬಹುದು. ಟ್ಯಾಂಕನ್ನು ಪೂರ್ತಿ ತುಂಬಿಸಿ, ಪಂಪು ತಾನಾಗಿ ನಿಂತ ಕೂಡಲೇ ಸಾಕೆನ್ನಬೇಕು; ಆ ಹೊತ್ತಿನ ಕಿಲೋಮೀಟರನ್ನು ಬರೆದುಕೊಳ್ಳಬೇಕು. ಮುನ್ನೂರು ಕಿಲೋಮೀಟರಾದರೂ ಎಂದಿನಂತೆ ಓಡಾಡಿದ ಮೇಲೆ, ಸಾಧ್ಯವಾದರೆ ಅದೇ ಬಂಕಿನಲ್ಲಿ, ಅದೇ ರೀತಿ ಮತ್ತೆ ತುಂಬಿಸಬೇಕು. ಓಡಿದ ದೂರವನ್ನು ಎರಡನೆಯ ಸಲ ತುಂಬಿಸಿದ ಲೀಟರುಗಳಿಂದ ಭಾಗಿಸಬೇಕು. ಅವರ ಪುಸ್ತಕದಲ್ಲಿ ಬಂದದ್ದು ಹೀಗೆ: ದೂರ 312 ಕಿಲೋಮೀಟರು, ಪೆಟ್ರೋಲು 19.5 ಲೀಟರು, ಭಾಗಲಬ್ಧ 16. ಮುಳ್ಳು ಹೇಳಿದ ಹನ್ನೊಂದೂ ಅಲ್ಲ, ಮಾರಾಟಗಾರನು ಹೇಳಿದ ಇಪ್ಪತ್ತೆರಡೂ ಅಲ್ಲ. ಒಂದು ಸಲದ ಲೆಕ್ಕವನ್ನೂ ನಂಬದೆ, ಮೂರು ನಾಲ್ಕು ಸಲದ ಸರಾಸರಿಯನ್ನು ತೆಗೆಯುವುದು ಇನ್ನೂ ಉತ್ತಮ.

ಹಾಗಾದರೆ ಇಪ್ಪತ್ತೆರಡು ಸುಳ್ಳೇ? ಸುಳ್ಳಲ್ಲ, ಅದು ಬೇರೊಂದು ಲೋಕದ ಸತ್ಯ. ನಮ್ಮ ದೇಶದಲ್ಲಿ ಜಾಹೀರಾತುಗಳಲ್ಲಿ ಕಾಣುವ ಅಂಕಿಯು ಪ್ರಯೋಗಶಾಲೆಯಿಂದ ಬಂದದ್ದು. 1966ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಎ.ಆರ್.ಎ.ಐ. ಎಂಬ ಸಂಸ್ಥೆಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಅಲ್ಲಿ ಕಾರು ಉರುಳೆಗಳ ಮೇಲೆ ನಿಂತಲ್ಲೇ ಓಡುತ್ತದೆ. ಯಾವ ಕ್ಷಣದಲ್ಲಿ ಎಷ್ಟು ವೇಗವೆಂಬುದು ಮೊದಲೇ ಗೊತ್ತಾಗಿರುತ್ತದೆ. ಅಲ್ಲಿ ಹಂಪುಗಳಿಲ್ಲ, ಗುಂಡಿಗಳಿಲ್ಲ, ಎದುರಿಗೆ ಬರುವ ಎಮ್ಮೆಯಿಲ್ಲ. ಬಹುಕಾಲ ಹವಾನಿಯಂತ್ರಣವನ್ನೂ ಚಾಲೂ ಮಾಡದೆಯೇ ಆ ಪರೀಕ್ಷೆ ನಡೆಯುತ್ತಿತ್ತು. ಎಲ್ಲ ಕಾರುಗಳಿಗೂ ಒಂದೇ ಪ್ರಶ್ನಪತ್ರಿಕೆಯಾದ್ದರಿಂದ, ಒಂದನ್ನು ಇನ್ನೊಂದಕ್ಕೆ ಹೋಲಿಸಲು ಆ ಅಂಕಿ ಉಪಯುಕ್ತ. ಆದರೆ ಮನೆಯ ಆಯವ್ಯಯವನ್ನು ಅದರ ಮೇಲೆ ಕಟ್ಟುವುದು ತರವಲ್ಲ.

ಪೆಟ್ರೋಲಿನ ಶಕ್ತಿಯು ಎಲ್ಲಿ ಹೋಗುತ್ತದೆಂಬುದನ್ನೂ ತಿಳಿದಿರಬೇಕು. ನಗರದ ಓಡಾಟದಲ್ಲಿ, ಉರಿದ ಪೆಟ್ರೋಲಿನ ಶಕ್ತಿಯ ಬಹುಪಾಲು ಶಾಖವಾಗಿ ಹೊಗೆಕೊಳವೆಯಿಂದಲೂ ರೇಡಿಯೇಟರಿನಿಂದಲೂ ಗಾಳಿಗೆ ಸೇರಿಹೋಗುತ್ತದೆ. ಚಕ್ರಕ್ಕೆ ತಲಪುವುದು ಅಲ್ಪಭಾಗ. ಆ ಅಲ್ಪವನ್ನೂ ನಾವು ಬ್ರೇಕನ್ನು ಒತ್ತಿದಾಗಲೆಲ್ಲ ಮತ್ತೆ ಕಾವಾಗಿ ಕಳೆಯುತ್ತೇವೆ. ಸಿಗ್ನಲಿನ ಕೆಂಪುದೀಪ ದೂರದಿಂದಲೇ ಕಾಣುತ್ತಿದ್ದರೂ ಅದರವರೆಗೆ ರಭಸದಿಂದ ಹೋಗಿ ಗಕ್ಕನೆ ನಿಲ್ಲಿಸುವವರು ಹಣವನ್ನು ಬ್ರೇಕಿನ ಪಟ್ಟಿಗೆ ಉಜ್ಜುತ್ತಿದ್ದಾರೆ. ಹೆದ್ದಾರಿಯಲ್ಲಿ ಗಾಳಿಯದೇ ದೊಡ್ಡ ತೆರಿಗೆ. ವೇಗವು 60ರಿಂದ 90ಕ್ಕೆ, ಅಂದರೆ ಒಂದೂವರೆ ಪಟ್ಟು ಏರಿದರೆ, ಗಾಳಿಯ ತಡೆಯು ಎರಡೂಕಾಲು ಪಟ್ಟಾಗುತ್ತದೆ. 1978ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನ ಸಂಘವು ಗಂಟೆಗೆ 45ರಿಂದ 55 ಕಿಲೋಮೀಟರಿನ ವೇಗವನ್ನು ಮಿತವ್ಯಯಕ್ಕೆ ಸೂಕ್ತವೆಂದು ಸಾರುತ್ತ ಬಂದಿರುವುದಕ್ಕೆ ಕಾರಣವಿಲ್ಲದಿಲ್ಲ. ಟಯರಿನ ಗಾಳಿ ಕಡಿಮೆಯಿದ್ದರೆ ಅದೊಂದು ನಷ್ಟ. ಎಂಜಿನ್ನು ಕಾಯುವ ಮೊದಲೇ ಮುಗಿದುಹೋಗುವ ಎರಡು ಕಿಲೋಮೀಟರಿನ ಓಡಾಟ ಇನ್ನೊಂದು ನಷ್ಟ. ಕೊತ್ತಂಬರಿ ಸೊಪ್ಪನ್ನು ತರಲು ಕಾರನ್ನು ಹೊರಡಿಸುವವರು ಇದನ್ನು ಗಮನಿಸಬೇಕು.

ಇತ್ತೀಚಿನ ಇನ್ನೊಂದು ಸಂಗತಿಯಿದೆ. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿಯು ಒಂದು ಲೀಟರು ಪೆಟ್ರೋಲಿನ ಸುಮಾರು ಮೂರನೆಯ ಎರಡು ಭಾಗ ಮಾತ್ರ. ಹಾಗಾಗಿ ಅಪ್ಪಟ ಪೆಟ್ರೋಲಿಗೆ ಹೋಲಿಸಿದರೆ, ಕಾಗದದ ಲೆಕ್ಕದಲ್ಲಿ, ಈ ಮಿಶ್ರಣದಲ್ಲಿ ನೂರಕ್ಕೆ ಆರೇಳರಷ್ಟು ಶಕ್ತಿ ಕಡಿಮೆ. ಈ ಇಂಧನಕ್ಕೆಂದೇ ಹೊಂದಿಸಿದ ಎಂಜಿನ್ನುಗಳು ಆ ಕೊರತೆಯನ್ನು ಸ್ವಲ್ಪ ತುಂಬಿಕೊಳ್ಳುತ್ತವೆ. ಏನಿದ್ದರೂ, ಹತ್ತು ವರ್ಷಗಳ ಹಿಂದಿನ ಕಾರಿನ ಮೈಲೇಜನ್ನು ನೆನೆದು ಇಂದಿನ ಹೊಸ ಎಂಜಿನ್ನನ್ನು ಹಳಿಯುವಾಗ ಇಂಧನವೇ ಬದಲಾಗಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊನೆಗೆ, ಸ್ಕೂಟರು ಕಾರುಗಳೆರಡೂ ಇರುವ ಸಂಸಾರಗಳಿಗೊಂದು ಚಿಕ್ಕ ಗಣಿತ. ಸ್ಕೂಟರಿನ ಮೈಲೇಜು 50ರಿಂದ 60ಕ್ಕೇರಿತೆಂದರೆ ಮನೆಯಲ್ಲಿ ಸಂಭ್ರಮ. ಕಾರಿನದು 12ರಿಂದ 14ಕ್ಕೇರಿದರೆ ಯಾರೂ ತಿರುಗಿ ನೋಡುವುದಿಲ್ಲ. ಹತ್ತೆಲ್ಲಿ, ಎರಡೆಲ್ಲಿ! ಆದರೆ ಪ್ರಶ್ನೆಯನ್ನು ತಿರುಗಿಸಿ ಕೇಳೋಣ: ನೂರು ಕಿಲೋಮೀಟರಿಗೆ ಎಷ್ಟು ಪೆಟ್ರೋಲು? ಸ್ಕೂಟರಿಗೆ ಮೊದಲು 2 ಲೀಟರು, ಈಗ 1.67, ಉಳಿತಾಯ ಲೀಟರಿನ ಮೂರನೆಯ ಒಂದು ಭಾಗ. ಕಾರಿಗೆ ಮೊದಲು 8.33, ಈಗ 7.14, ಉಳಿತಾಯ ಒಂದು ಲೀಟರಿಗೂ ಮೇಲೆ. ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ, ಒಂದರಲ್ಲಿ 33 ರೂಪಾಯಿ, ಇನ್ನೊಂದರಲ್ಲಿ 119. ಹೆಚ್ಚು ಕುಡಿಯುವ ವಾಹನದಲ್ಲಿ ಮಾಡಿದ ಅಲ್ಪ ಸುಧಾರಣೆಯೇ ಹೆಚ್ಚು ಹಣವನ್ನುಳಿಸುತ್ತದೆ. ‘ಲೀಟರಿಗೆ ಎಷ್ಟು’ ಎಂಬ ಪ್ರಶ್ನೆ ಹೆಮ್ಮೆಗೆ ಸರಿ. ಮನೆವಾರ್ತೆಗೆ ‘ನೂರು ಕಿಲೋಮೀಟರಿಗೆ ಎಷ್ಟು’ ಎಂಬುದೇ ಸರಿ.

ಮೊದಲ ಸಾವಿರ ಕಿಲೋಮೀಟರುಗಳ ನಿಯಮಗಳನ್ನು ಇನ್ನೊಮ್ಮೆ ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ತಣ್ಣಗಿರುವಾಗ ಮೃದುವಾಗಿ ನಡೆಸುವುದು, ವೇಗಕ್ಕೆ ತಕ್ಕ ಗೇರನ್ನು ಹಾಕುವುದು, ಸುಮ್ಮಸುಮ್ಮನೆ ಅಬ್ಬರಿಸದಿರುವುದು, ಗಕ್ಕನೆ ನಿಲ್ಲಿಸದಿರುವುದು, ಹೇಳಿದ ಹೊತ್ತಿಗೆ ಎಣ್ಣೆಯನ್ನು ಬದಲಿಸುವುದು: ಇವೆಲ್ಲ ಪೆಟ್ರೋಲನ್ನು ಉಳಿಸುವ ನಿಯಮಗಳೂ ಹೌದು. ಉಂಗುರಗಳು ಕೂರಲು ಒಂದು ಸಾವಿರ ಸಾಕಾಗಬಹುದು. ಓಡಿಸುವವನ ಪಾದ ಹದಕ್ಕೆ ಬರಲು ಅದಕ್ಕಿಂತ ಹೆಚ್ಚು ಬೇಕಾದೀತು; ಆದರೆ ಒಮ್ಮೆ ಹದಕ್ಕೆ ಬಂದ ಪಾದ ಈ ವಾಹನವನ್ನು ಮಾರಿ ಇನ್ನೊಂದನ್ನು ಕೊಂಡ ಮೇಲೂ ಜೊತೆಗೇ ಬರುತ್ತದೆ. ಅದಕ್ಕೆ ಕಂತೂ ಇಲ್ಲ, ವಿಮೆಯೂ ಇಲ್ಲ.